ಸಹಾಯ ಬೇಕು: ಶಾಲಾ ಮಕ್ಕಳ ಕ್ರೋಮ್‌ಬುಕ್ ಬದಲಾವಣೆಗೆ ಹಣ ಹೊಂದಿಸುವ ಬಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ನಾವಿರುವ ಊರಿನ ಸರ್ಕಾರಿ ಶಾಲಾ ಡಿಸ್ಟ್ರಿಕ್ಟಿನ (ಇಲ್ಲಿನ ಶಾಲೆಗಳನ್ನು ನಡೆಸುವ ಆಡಳಿತ ಘಟಕದ) ತಂತ್ರಜ್ಞಾನ ಸಮಿತಿಗೆ ಪೋಷಕರ ಪರವಾಗಿ ನನ್ನನ್ನು ಸೇರಿಸಿಕೊಂಡಿದ್ದಾರೆ. ಶಾಲಾ ಆಡಳಿತದಲ್ಲಿ ಅಥವಾ ಖರೀದಿ ವಿಭಾಗದಲ್ಲಿ ದುಡಿದ ಅನುಭವವಿರುವ ಕನ್ನಡಿಗರು ಈ ಬಳಗದಲ್ಲಿದ್ದರೆ ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಕೋವಿಡ್ ಕಾಲದ ಫೆಡರಲ್ ನೆರವಿನಿಂದ ಇಲ್ಲಿ ಪ್ರತಿ ಮಗುವಿಗೂ ಒಂದು ಕ್ರೋಮ್‌ಬುಕ್ ಲ್ಯಾಪ್‌ಟಾಪು ಕೊಟ್ಟರು. ಆ ನೆರವಿನಲ್ಲಿ 2021ರ ಕಾಯ್ದೆಯಡಿ ಬಂದ ಕೊನೆಯ ಕಂತನ್ನು ಖರ್ಚಿಗೆ ಗೊತ್ತುಪಡಿಸುವ ಗಡುವು 2024ರ ಸೆಪ್ಟೆಂಬರ್ 30ಕ್ಕೇ ಮುಗಿದಿದೆ. ಯಂತ್ರಗಳು ಮಾತ್ರ ಎಲ್ಲವೂ ಒಟ್ಟಿಗೇ ಹಳತಾಗುತ್ತಿವೆ. ನನ್ನ ಮಗಳು ಪರದೆ ಹಿಂದಕ್ಕೆ ಬೀಳದಂತೆ ಗಣಿತದ ಪುಸ್ತಕವನ್ನು ಒತ್ತುಕೊಟ್ಟು ಕೂರುತ್ತಾಳೆ, ಮಧ್ಯಾಹ್ನದ ಊಟದ ಹೊತ್ತಿಗೆ ಬ್ಯಾಟರಿ ಖಾಲಿಯಾಗಿರುತ್ತದೆ.

ಶಾಲೆಗಳ ಇಂಟರ್ನೆಟ್ ವೆಚ್ಚಕ್ಕೆ ನೆರವಾಗುವ ಇ-ರೇಟ್ ಎಂಬ ಫೆಡರಲ್ ಯೋಜನೆಯಲ್ಲಿ ಬಡ ಮಕ್ಕಳ ಪ್ರಮಾಣವನ್ನೂ ಊರು ಗ್ರಾಮೀಣವೇ ಎಂಬುದನ್ನೂ ನೋಡಿ ಇಂಟರ್ನೆಟ್ ಸಂಪರ್ಕಕ್ಕೆ ಶೇ 20ರಿಂದ 90ರವರೆಗೆ, ಶಾಲೆಯೊಳಗಿನ ವೈಫೈ ಜಾಲಕ್ಕೆ ಶೇ 85ರವರೆಗೆ ರಿಯಾಯಿತಿ ಸಿಗುತ್ತದೆಯಾದರೂ, ಮಕ್ಕಳು ತರಗತಿಯಲ್ಲಿ ಬಳಸುವ ಲ್ಯಾಪ್‌ಟಾಪು ಅದರಡಿ ಬರುವುದಿಲ್ಲ. ಹಾಗಾಗಿ ಮತದಾರರ ಒಪ್ಪಿಗೆ ಪಡೆದು ಬಾಂಡ್ ಹೊರಡಿಸೋಣವೆಂಬ ಮಾತು ಸಮಿತಿಯಲ್ಲಿ ಬಂದಿದೆ. ನಾಲ್ಕೈದು ವರ್ಷ ಬಾಳುವ ವಸ್ತುವಿಗೆ ಇಪ್ಪತ್ತು ವರ್ಷ ತೀರಿಸುವ ಸಾಲ ನನಗೆ ಸರಿಕಾಣುತ್ತಿಲ್ಲ.

ಪ್ರತಿವರ್ಷ ಕಾಲುಭಾಗ ಯಂತ್ರಗಳನ್ನು ಸರದಿಯಂತೆ ಬದಲಿಸುವ ಪದ್ಧತಿ ನಿಮ್ಮಲ್ಲಿದ್ದರೆ, ಅದಕ್ಕೆ ವಾರ್ಷಿಕ ಬಜೆಟ್ಟಿನಲ್ಲಿ ಹಣ ಕಾದಿರಿಸಿದ್ದು ಹೇಗೆ? ಕೊಳ್ಳುವುದಕ್ಕಿಂತ ಲೀಸ್ ಮೇಲೆ ಪಡೆಯುವುದು ಅಗ್ಗವಾಯಿತೇ? ದುರಸ್ತಿಗೂ ಶಿಕ್ಷಕರ ತರಬೇತಿಗೂ ಎಷ್ಟು ಪಾಲು ಇಟ್ಟಿರಿ? ನಮ್ಮ ಸಮಿತಿಯ ಯೋಜನೆಯ ಕರಡಿನಲ್ಲಿ ತರಬೇತಿಯ ಹೆಸರೇ ಇಲ್ಲದಿರುವುದು ನನ್ನನ್ನು ಬಹಳ ಕಾಡುತ್ತಿದೆ. ಸಭೆ ಮುಂದಿನ ತಿಂಗಳಿದೆ. ನಿಮ್ಮ ಡಿಸ್ಟ್ರಿಕ್ಟಿನ ಯೋಜನೆಯ ಪ್ರತಿ ಸಾರ್ವಜನಿಕವಾಗಿ ಲಭ್ಯವಿದ್ದರೆ ಇಲ್ಲಿಯೇ ಹಂಚಿಕೊಳ್ಳಿ.