‘ಬೆದರಿಕೆ’ ಎಂಬ ಪದ ಅಮೆರಿಕದ ಮತಗಟ್ಟೆಗೆ ಸಾಲುತ್ತದೆಯೇ?

ಅಮೆರಿಕದ ಚುನಾವಣೆಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ವೋಟರ್ ಇಂಟಿಮಿಡೇಷನ್’ ಎಂಬುದನ್ನು ‘ಮತದಾರರಿಗೆ ಬೆದರಿಕೆ’ ಎಂದು ಬರೆಯುವ ರೂಢಿಯ ಕುರಿತು ಬಲ್ಲವರ ಅಭಿಪ್ರಾಯ ಕೇಳಬೇಕಾಗಿದೆ. ಇಂದಿನ ಪತ್ರಿಕಾ ಕನ್ನಡದಲ್ಲಿ ‘ಬೆದರಿಕೆ’ ಎಂದರೆ ಹೆಚ್ಚುಕಡಿಮೆ ಆಡಿದ ಅಥವಾ ಬರೆದು ಕಳಿಸಿದ ಮಾತು: ಬೆದರಿಕೆ ಕರೆ, ಜೀವ ಬೆದರಿಕೆ, ಹುಸಿ ಬಾಂಬ್ ಬೆದರಿಕೆ. 2020ರ ಚುನಾವಣೆಯ ನಂತರ ಜಾರ್ಜಿಯಾದ ಫುಲ್ಟನ್ ಕೌಂಟಿಯ ಎಣಿಕೆ ಸಿಬ್ಬಂದಿಗೆ ಬಂದ ಕರೆ, ಸಂದೇಶಗಳಿಗೆ ಈ ಪದ ಸರಿಯಾಗಿಯೇ ಒಪ್ಪುತ್ತದೆ. ಆದರೆ 1965ರ ಮತದಾನದ ಹಕ್ಕುಗಳ ಕಾಯ್ದೆಯ 11ನೇ ಕಲಮು ‘ಇಂಟಿಮಿಡೇಟ್’ (ಹೆದರಿಸು), ‘ಥ್ರೆಟನ್’ (ಬೆದರಿಕೆ ಒಡ್ಡು), ‘ಕೋಅರ್ಸ್’ (ಬಲವಂತಪಡಿಸು) ಎಂಬ ಮೂರು ಕ್ರಿಯಾಪದಗಳನ್ನು ಬೇರೆ ಬೇರೆಯಾಗಿಯೇ ಹೆಸರಿಸಿ, ಮೂರನ್ನೂ ಅವುಗಳ ಪ್ರಯತ್ನವನ್ನೂ ನಿಷೇಧಿಸುತ್ತದೆ. ಮೊದಲೆರಡಕ್ಕೂ ನಾವು ‘ಬೆದರಿಸು’ ಎಂದೇ ಬರೆದರೆ, ಒಂದು ಮಾತನ್ನೂ ಆಡದೆ ಹೆದರಿಸಿದವನು ನಮ್ಮ ವಾಕ್ಯದಿಂದ ನುಸುಳಿಕೊಂಡು ಹೋಗುತ್ತಾನೆ.

1981ರ ನವೆಂಬರಿನಲ್ಲಿ ನ್ಯೂಜೆರ್ಸಿಯ ಗವರ್ನರ್ ಚುನಾವಣೆಯಲ್ಲಿ ನಡೆದದ್ದು ಇದಕ್ಕೆ ತಕ್ಕ ನಿದರ್ಶನ. ರಿಪಬ್ಲಿಕನ್ ಪಕ್ಷವು ‘ನ್ಯಾಷನಲ್ ಬ್ಯಾಲಟ್ ಸೆಕ್ಯುರಿಟಿ ಟಾಸ್ಕ್ ಫೋರ್ಸ್’ ಎಂಬ ಹೆಸರಿನ ತೋಳುಪಟ್ಟಿ ಕಟ್ಟಿದ ಜನರನ್ನು, ಅವರಲ್ಲಿ ಕರ್ತವ್ಯದ ಮೇಲಿಲ್ಲದ ಪೊಲೀಸರೂ ಇದ್ದರು, ಕಪ್ಪು ಮತ್ತು ಲ್ಯಾಟಿನೊ ಮತದಾರರು ಹೆಚ್ಚಿರುವ ಮತಗಟ್ಟೆಗಳ ಮುಂದೆ ನಿಲ್ಲಿಸಿತು. ಈ ಪ್ರದೇಶದಲ್ಲಿ ಪಹರೆ ಇದೆ ಎಂಬ ಎಚ್ಚರಿಕೆಯ ಫಲಕಗಳನ್ನೂ ಹಾಕಿಸಿತು. ಮೊಕದ್ದಮೆಯ ಫಲವಾಗಿ 1982ರಲ್ಲಿ ಎರಡೂ ಕಡೆಯವರು ಒಪ್ಪಿ ಆದ ನ್ಯಾಯಾಲಯದ ರಾಜಿ ಆದೇಶ ಆ ಪಕ್ಷದ ಇಂಥ ಚಟುವಟಿಕೆಗಳನ್ನು ಮೂರೂವರೆ ದಶಕ ಕಟ್ಟಿಹಾಕಿತ್ತು. 2022ರಲ್ಲಿ ಅರಿಜೋನಾದಲ್ಲಿ ಮತಪತ್ರ ಹಾಕುವ ಪೆಟ್ಟಿಗೆಯ ಬಳಿ ಬಂದೂಕು ಹಿಡಿದು ಕಾಯುತ್ತಾ, ಮತದಾರರ ಫೋಟೊ ತೆಗೆಯುತ್ತಾ ನಿಂತವರನ್ನು ನ್ಯಾಯಾಲಯ ದೂರ ಸರಿಸಬೇಕಾಯಿತು. ಇವುಗಳನ್ನು ‘ಬೆದರಿಕೆ’ ಎಂದರೆ, ಏನೆಂದು ಬೆದರಿಕೆ ಹಾಕಿದರು ಎಂದು ಓದುಗರು ಕೇಳುತ್ತಾರೆ.

ವಿಚಿತ್ರವೆಂದರೆ ಮೂಲ ಧಾತುವಿಗೆ ಈ ಕೊರತೆ ಇಲ್ಲ. ಪಟಾಕಿಗೆ ದನ ಬೆದರುತ್ತದೆ. ಹೊಲದ ಬೆದರುಬೊಂಬೆ ಬಾಯಿ ಬಿಡದೆ ತನ್ನ ಕೆಲಸ ಮುಗಿಸುತ್ತದೆ. ‘ಬೆದರಿಕೆ’ ಎಂಬ ನಾಮಪದ ಮಾತ್ರ ಪೊಲೀಸ್ ದೂರಿನ ಭಾಷೆಯಲ್ಲಿ ಪಳಗಿ ಕಿರಿದಾಗಿದೆ. ಇನ್ನು ‘ಹೆದರಿಕೆ’ ಎಂಬುದು ಹೆದರಿದವರ ಕಡೆಯ ಪದ: ನನಗೆ ಹೆದರಿಕೆ ಆಗುತ್ತದೆ, ಬೆದರಿಕೆ ಬರುತ್ತದೆ. ‘ಭಯೋತ್ಪಾದನೆ’ ಅರ್ಥಕ್ಕೆ ಅಚ್ಚುಕಟ್ಟಾಗಿ ಒದಗುತ್ತಿತ್ತು, ಆದರೆ ಅದು ಬಾಂಬು ಬಂದೂಕುಗಳ ಸುದ್ದಿಗೆ ಮೀಸಲಾಗಿಬಿಟ್ಟಿದೆ. ಕ್ರಿಯಾಪದದಲ್ಲಿ ನನಗೆ ತೊಡಕಿಲ್ಲ. ‘ಹೆದರಿಸು’, ‘ಬೆದರಿಕೆ ಒಡ್ಡು’, ‘ಬಲವಂತಪಡಿಸು’ ಎಂದು ಮೂರನ್ನೂ ಬಿಡಿಸಿ ಬರೆಯಬಹುದು. ತೊಡಕಿರುವುದು ನಾಮಪದದಲ್ಲಿ. ‘ಹೆದರಿಸುವಿಕೆ’ ವ್ಯಾಕರಣಕ್ಕೆ ಸರಿ, ಶೀರ್ಷಿಕೆಗೆ ಭಾರ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದ ‘ಚುನಾವಣಾ ಭದ್ರತೆ’. ಕರ್ನಾಟಕದ ಓದುಗರಿಗೆ ಅದು ಪೊಲೀಸ್ ಬಂದೋಬಸ್ತ್, ಸೂಕ್ಷ್ಮ ಮತಗಟ್ಟೆ, ಅರೆಸೇನಾ ಪಡೆ. ಅಮೆರಿಕದಲ್ಲಿ ‘ಎಲೆಕ್ಷನ್ ಸೆಕ್ಯುರಿಟಿ’ ಎಂದರೆ, 2017ರ ಜನವರಿಯಲ್ಲಿ ಚುನಾವಣಾ ವ್ಯವಸ್ಥೆಯನ್ನು ಅತಿಮುಖ್ಯ ಮೂಲಸೌಕರ್ಯವೆಂದು ಘೋಷಿಸಿದ ಮೇಲಂತೂ, ಮತದಾರರ ಪಟ್ಟಿ, ಮತಯಂತ್ರ, ಎಣಿಕೆಯ ತಂತ್ರಾಂಶಗಳನ್ನು ಹ್ಯಾಕರ್‌ಗಳಿಂದ ಕಾಯುವುದು ಎಂಬ ಅರ್ಥವೇ ಮುಂದೆ ಬರುತ್ತದೆ. ಮತಗಟ್ಟೆಗೆ ಸೈನಿಕರನ್ನೋ ಶಸ್ತ್ರಧಾರಿಗಳನ್ನೋ ಕಳಿಸುವುದು, ದೇಶದ ಸಶಸ್ತ್ರ ಶತ್ರುಗಳನ್ನು ಹಿಮ್ಮೆಟ್ಟಿಸಬೇಕಾದ ಸಂದರ್ಭವನ್ನು ಬಿಟ್ಟರೆ, ಅಲ್ಲಿನ ಒಕ್ಕೂಟ ಸರ್ಕಾರದ ಅಧಿಕಾರಿಗಳಿಗೆ ಅಪರಾಧ. ನಮ್ಮಲ್ಲಿ ಧೈರ್ಯ ಕೊಡುವ ಖಾಕಿ ಅಲ್ಲಿ ಹೆದರಿಸುವ ವಸ್ತುವಾಗಬಲ್ಲದು. 1981ರ ತಂಡದ ಹೆಸರಿನಲ್ಲೇ ‘ಸೆಕ್ಯುರಿಟಿ’ ಇತ್ತೆಂಬುದನ್ನು ಗಮನಿಸಬೇಕು. ಹಾಗಾಗಿ ಅಮೆರಿಕದ ಸಂದರ್ಭಕ್ಕೆ ‘ಚುನಾವಣಾ ಸುರಕ್ಷತೆ’ ಎಂದು ಬರೆದು, ‘ಭದ್ರತೆ’ಯನ್ನು ಬಂದೋಬಸ್ತಿಗೆ ಉಳಿಸಿಕೊಳ್ಳುವುದು ಮೇಲೆಂದು ನನ್ನ ಅನಿಸಿಕೆ. ಅಂತೆಯೇ ಅಲ್ಲಿನ ‘ಪೋಲ್ ವಾಚರ್’ ಪಕ್ಷದ ಅಥವಾ ಅಭ್ಯರ್ಥಿಯ ಕಡೆಯವನಾದ್ದರಿಂದ ನಮ್ಮ ‘ಮತಗಟ್ಟೆ ಏಜೆಂಟ್’ಗೆ ಹತ್ತಿರ, ಆತನನ್ನು ‘ಚುನಾವಣಾ ವೀಕ್ಷಕ’ ಎಂದರೆ ಆಯೋಗ ಕಳಿಸಿದ ಅಧಿಕಾರಿಯೆಂದು ತಿಳಿಯುವ ಅಪಾಯವಿದೆ.

ಮಾತಿಲ್ಲದೆ, ಇರವಿನಿಂದಲೇ ಹೆದರಿಸುವ ಕ್ರಿಯೆಗೆ, ಹೆದರಿಸುವವರ ಕಡೆಯಿಂದ ಹೇಳುವ ಚಿಕ್ಕ ನಾಮಪದವೊಂದು ಹಳಗನ್ನಡದಲ್ಲಾಗಲಿ ಯಾವುದಾದರೂ ಪ್ರಾಂತ್ಯದ ಆಡುಮಾತಿನಲ್ಲಾಗಲಿ ಬಳಕೆಯಲ್ಲಿದೆಯೇ? ಇದ್ದರೆ ಪ್ರಯೋಗದ ವಾಕ್ಯಸಹಿತ ತಿಳಿಸಬೇಕಾಗಿ ಕೋರಿಕೆ.