ತುರ್ತು: ಮರಿಗಳನ್ನು ಬಲ್ಬಿನಡಿ ಬೆಚ್ಚಗಿಡುವ ಪೆಟ್ಟಿಗೆಗೆ ಏನನ್ನೋಣ?

ಕನ್ನಡ ಪದ ಹುಡುಕುವ ಗುಂಪಿನ ಗೆಳೆಯರೇ, ನಾಳೆ ಬೋರ್ಡು ಬರೆಯುವವರು ಬರುತ್ತಾರೆ. ಕೋಳಿ, ಬಾತು, ಲಾವಕ್ಕಿ, ಮೊಲ ಎಲ್ಲವನ್ನೂ ಒಟ್ಟಿಗೆ ಸಾಕುವ ಜಾಗ. ಎರಡು ಪೆಟ್ಟಿಗೆಗಳಿಗೆ ಮಾತ್ರ ಹೆಸರು ಬಾಕಿ. ಮೊದಲನೆಯದು ಮೊಟ್ಟೆಗಳಿಗೆ: 37.5 ಡಿಗ್ರಿ ಆಸುಪಾಸು, ಕೋಳಿಮೊಟ್ಟೆಗೆ 21 ದಿನ, ಬಾತಿನದಕ್ಕೆ 28. ಇನ್ನೊಂದು ಒಡೆದು ಬಂದ ಮರಿಗಳಿಗೆ: ಮೊದಲ ವಾರ 35 ಡಿಗ್ರಿಯಷ್ಟು, ಆಮೇಲೆ ವಾರವಾರ ಇಳಿಸುತ್ತಾ ಹೋಗಬೇಕು. 'ಕಾವುಪೆಟ್ಟಿಗೆ' ಅಂದರೆ ಎರಡಕ್ಕೂ ಹೊಂದುತ್ತದೆ. ತೊಂದರೆ ಅದೇ.

---

ಕಾವು ಮೊಟ್ಟೆಗೆ ಮಾತ್ರ. ಹೇಂಟೆ ಕಾವಿಗೆ ಕೂರುವುದು ಮೊಟ್ಟೆ ಮೇಲೆ. ಹಾಗಾಗಿ ಮೊದಲನೆಯದು ಕಾವುಪೆಟ್ಟಿಗೆ, ಎರಡನೆಯದು ಪಿಳ್ಳೆಗೂಡು. ಮುಗಿಯಿತು.

---

> ಮುಗಿಯಿತು.

ಮುಗಿದಿಲ್ಲ. 'ಕಾಯು' ಅಂದರೆ ಬಿಸಿಯಾಗು, ಕಾಪಾಡು ಎರಡೂ ಹೌದು. ತಾಯಿಕೋಳಿ ರೆಕ್ಕೆಯಡಿ ಬಿಸಿ ಕೊಟ್ಟೇ ಮರಿಗಳನ್ನು ಕಾಯುತ್ತದೆ. ಎರಡೂ ಅರ್ಥ ಅಲ್ಲೇ ಹುಟ್ಟಿದ್ದು. ಕಾವು ಮರಿಗೇ ಹೆಚ್ಚು ಸಲ್ಲಬೇಕು. ಇದನ್ನು ಹಿಂದೆಯೂ ಬರೆದಿದ್ದೆ, ಯಾರೂ ಓದಿದಂತಿಲ್ಲ.

---

ಓದಿದ್ದೆವು. ತಪ್ಪು. ತಮಿಳಿನಲ್ಲಿ ಬಿಸಿಯಾಗುವುದಕ್ಕೆ 'ಕಾಯ್', ಕಾಪಾಡುವುದಕ್ಕೆ 'ಕಾ'. ಬೇರೆ ಬೇರೆ ಧಾತು. ಕನ್ನಡದಲ್ಲಿ ಒಂದೇ ಥರ ಕಾಣುತ್ತವೆ, ಅಷ್ಟೇ.

'ಪಿಳ್ಳೆ'ಯೂ ಬೇಡ. ನಮ್ಮದೇ ಆಗಿದ್ದರೆ ಪಕಾರ ಹಕಾರ ಆಗಬೇಕಿತ್ತು, ಪುಂಜ ಹುಂಜ ಆದ ಹಾಗೆ. 'ಮರಿಗೂಡು' ಸಾಕು.

---

ಮೊಲದ ಮರಿಯೂ ಮರಿಯೇ ಸ್ವಾಮಿ. ತಾಯಿಮೊಲ ತನ್ನ ತುಪ್ಪಳ ಕಿತ್ತು ಹಾಸಿ ಮರಿ ಹಾಕುವ ಪೆಟ್ಟಿಗೆಯೂ ಅಲ್ಲೇ ಇರುತ್ತೆ ಅಲ್ವಾ? ಅದಕ್ಕೂ ಮರಿಗೂಡು ಅಂತ ಬರೆಸೋದಾ? ಮತ್ತೆ, 'ಜಾನುವಾರು' ಪಾರಸಿಯಿಂದ ಬಂದದ್ದು. ಅದನ್ನು ದಿನಾ ಬರೆಯುತ್ತೀರಿ, ಪಿಳ್ಳೆ ಮಾತ್ರ ಹೊರಗಿನದಾ?

---

ನಾನು ಬರೆಯುವುದು 'ದನಕರು'.

---

ಮೊಲಕ್ಕೂ ದನಕರು ಅಂತೀರಾ?

---

ಟರ್ಕಿ ಕೋಳಿ ಅಮೆರಿಕದ್ದು. ಟರ್ಕಿ ದೇಶದ ಹಕ್ಕಿಯೇ ಅಲ್ಲ. ಆದರೂ ಹೆಸರು ನಿಂತಿದೆ, ಹಕ್ಕಿ ಮೇಯುತ್ತಿದೆ. ಸಾಕುವವರು ಮರಿಗಳ ಪೆಟ್ಟಿಗೆಗೆ 'ಬ್ರೂಡರ್' ಅಂತಲೇ ಅನ್ನುತ್ತೇವೆ, ಸುಮ್ನೆ ಅದನ್ನೇ ಬರೆಸಿ. ಬೋರ್ಡಿಗಿಂತ ಮರಿ ನೋಡುವುದು ಮುಖ್ಯ. ಬಲ್ಬಿನಡಿ ಒಂದರ ಮೇಲೊಂದು ಹತ್ತಿ ಕೀಚು ಕೀಚು ಅಂದರೆ ಚಳಿ. ಅಂಚಿಗೆ ಸರಿದು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಬಿಸಿ ಜಾಸ್ತಿ. ಹರಡಿಕೊಂಡು ಮಲಗಿದ್ದರೆ ಸರಿಯಿದೆ.

---

> ಬ್ರೂಡರ್ ಅಂತಲೇ ಅನ್ನುತ್ತೇವೆ

ಅನ್ನಿ. ಈ ಗುಂಪು ಇರುವುದು ಯಾಕೆ ಮತ್ತೆ?

---

ಎಲ್ಲರಿಗೂ ವಂದನೆ. ಬೋರ್ಡಿನವರು ಬಂದುಬಿಟ್ಟರು. 'ಕಾವುಪೆಟ್ಟಿಗೆ', 'ಪಿಳ್ಳೆಗೂಡು' ಅಂತ ಬರೆಸಿದೆ. ಮೊಲದ ವಿಷಯ ನನಗೆ ಹೊಳೆದಿರಲಿಲ್ಲ. ಎರಡನೆಯದರ ಕೆಳಗೆ 'ಬಲ್ಬು ಆರಿಸಬೇಡಿ' ಅಂತಲೂ ಸೇರಿಸಿದ್ದೇನೆ.

---

'ಆರಿಸು' ಅಂದರೆ ಆಯ್ದುಕೊಳ್ಳು ಅಂತಲೂ ಆಗುತ್ತದೆ. 'ನಂದಿಸಬೇಡಿ' ಆಗಬೇಕಿತ್ತು.