ಹಳೇ ಬ್ಯಾಂಡ್, ಹೊಸ ಗಿಟಾರಿಸ್ಟ್: ಫೆಸ್ಟಿವಲ್‌ಗೆ ಹೋಗಲಾ, ಟಿಕೆಟ್ ಮಾರಲಾ?

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ನಡೆಯುವ ಒಂದು ಫೆಸ್ಟಿವಲ್‌ಗೆ ಟಿಕೆಟ್ ತಗೊಂಡಿದ್ದೇನೆ. ಪಿಯುಸಿಯಿಂದ ಕೇಳಿಕೊಂಡು ಬಂದ ಬ್ಯಾಂಡ್ ಅಲ್ಲಿ ನುಡಿಸುತ್ತಿದೆ. ಟಿಕೆಟ್ ತಗೊಂಡ ಮೇಲೆ ಗೊತ್ತಾಯಿತು, ಲೀಡ್ ಗಿಟಾರಿಸ್ಟ್ ಬಿಟ್ಟು ಹೋಗಿದ್ದಾರೆ. ಅವರ ಜಾಗಕ್ಕೆ ಹೊಸಬರು ಬಂದಿದ್ದಾರೆ.

ಹೋದ ವಾರ ಬೇರೆ ಊರಲ್ಲಿ ಹೊಸಬರ ಮೊದಲ ಫೆಸ್ಟಿವಲ್ ಶೋ ಆಯಿತು. ಯಾರೋ ಮೊಬೈಲ್‌ನಲ್ಲಿ ಹಿಡಿದ ಮೂರು ಕ್ಲಿಪ್ ನೋಡಿದೆ. ಹೊಟ್ಟೆಯಲ್ಲಿ ಸಂಕಟವಾಯಿತು. ಸೋಲೋ, ಅಂದರೆ ಗಿಟಾರ್ ಒಂಟಿಯಾಗಿ ಮುಂದೆ ಬಂದು ನುಡಿಸುವ ಭಾಗ, ಬೇರೆ ಥರ ಇದೆ. ಗಿಟಾರ್ ಸದ್ದು ತೆಳ್ಳಗಿದೆ. ನೋಡಿ ಬಂದವರಲ್ಲಿ ಕೆಲವರು ‘ಬ್ಯಾಂಡ್‌ಗೆ ಮತ್ತೆ ಜೀವ ಬಂತು’ ಅನ್ನುತ್ತಾರೆ. ಕೆಲವರು ‘ಇದು ಆ ಬ್ಯಾಂಡೇ ಅಲ್ಲ’ ಅನ್ನುತ್ತಾರೆ. ನನ್ನ ಗೆಳೆಯ ಬರುವುದೇ ಇಲ್ಲ ಅಂತ ಕೂತಿದ್ದಾನೆ.

ಬ್ಯಾಂಡ್ ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ಮಾತೆಲ್ಲ ಅದರ ಸುತ್ತಲೇ ಹೋಗುತ್ತೆ. ಗಿಟಾರಿಸ್ಟ್ ಬದಲಾದ ಹೊಸದರಲ್ಲಿ ಯಾವುದಾದರೂ ಬ್ಯಾಂಡನ್ನು ಲೈವ್ ನೋಡಿದ್ದೀರಾ? ಹೇಗಿತ್ತು? ಹೋದರೆ ಏನನ್ನು ಕೇಳಬೇಕು?

ಬಸವನಗುಡಿಯಿಂದ

ಟಿಕೆಟ್ ಮಾರಬೇಡಿ, ಹೋಗಿ ಬನ್ನಿ. ನೀವು ಈಗ ನಿಂತಿರುವ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೆ. ಅದಕ್ಕೇ ಹೇಳುತ್ತಿದ್ದೇನೆ.

2008ರ ಮಾರ್ಚ್. ಅರಮನೆ ಮೈದಾನದಲ್ಲಿ ‘ರಾಕ್ ಇನ್ ಇಂಡಿಯಾ’ ಫೆಸ್ಟಿವಲ್. ಮೆಷೀನ್ ಹೆಡ್ ಮತ್ತು ಮೆಗಾಡೆತ್, ಎರಡೂ ಮೆಟಲ್ ಬ್ಯಾಂಡ್. ಹಿಂದಿನ ವರ್ಷ ಅದೇ ಮೈದಾನಕ್ಕೆ ಐರನ್ ಮೇಡನ್ ಬಂದು ಹೋಗಿತ್ತು. ಆ ಗುಂಗು ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಮೆಗಾಡೆತ್ ಬರುತ್ತೆ ಅಂತ ಕೇಳಿ ನಾವೆಲ್ಲ ಕುಣಿದಾಡಿದ್ದೆವು. ಆದರೆ ಆ ವರ್ಷದ ಶುರುವಿನಲ್ಲೇ ಮೆಗಾಡೆತ್‌ನ ಗಿಟಾರಿಸ್ಟ್ ಗ್ಲೆನ್ ಡ್ರೋವರ್ ಬ್ಯಾಂಡ್ ಬಿಟ್ಟಿದ್ದರು. ಅವರ ಜಾಗಕ್ಕೆ ಕ್ರಿಸ್ ಬ್ರಾಡರಿಕ್ ಸೇರಿದ್ದರು. ಫೆಬ್ರವರಿಯಲ್ಲಿ ಫಿನ್‌ಲೆಂಡ್‌ನಲ್ಲಿ ಅವರ ಮೊದಲ ಶೋ. ನಮ್ಮೂರಿಗೆ ಬಂದಾಗ ಅದಾಗಿ ಎರಡು ತಿಂಗಳೂ ತುಂಬಿರಲಿಲ್ಲ.

ನಾನು ತಪ್ಪು ಹುಡುಕುವುದಕ್ಕೇ ಹೋಗಿದ್ದೆ. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಡ್ರೋವರ್ ಕೂಡ ಇರಲಿಲ್ಲ. ಇದ್ದದ್ದು ಅವರಿಗೂ ಮೊದಲಿನ ಗಿಟಾರಿಸ್ಟ್ ಮಾರ್ಟಿ ಫ್ರೀಡ್‌ಮನ್. ಅವರು ಬ್ಯಾಂಡ್ ಬಿಟ್ಟಿದ್ದು 2000ದಲ್ಲಿ! ಮಾರ್ಟಿ ನುಡಿಸಿದ ‘ರಸ್ಟ್ ಇನ್ ಪೀಸ್’ ಆಲ್ಬಂನ ಕ್ಯಾಸೆಟ್ ನನ್ನ ಅಣ್ಣನದು. ಟೇಪ್ ಸವೆದು ಒಂದು ಕಡೆ ಸದ್ದು ತೇಲುತ್ತಿತ್ತು. ಆ ತೇಲುವ ಜಾಗವೂ ಹಾಡಿನದೇ ಭಾಗ ಅಂತ ನಾನು ತುಂಬ ದಿನ ನಂಬಿದ್ದೆ. ಅಂಥ ಕಿವಿ ಇಟ್ಟುಕೊಂಡು ಹೊಸಬರನ್ನು ಅಳೆಯಲು ಹೋಗಿದ್ದೆ.

ಕೊನೆಗೆ ‘ಹೋಲಿ ವಾರ್ಸ್’ ಬಂತು. ಆ ಹಾಡಿನ ಮಧ್ಯದಲ್ಲಿ ಎಲ್ಲ ಸದ್ದೂ ನಿಂತು ಗಿಟಾರ್ ಒಂದೇ ಮಾತಾಡುವ ಜಾಗ ಇದೆ. ನಾನು ಉಸಿರು ಬಿಗಿ ಹಿಡಿದೆ. ಮಾರ್ಟಿ ಸ್ವರವನ್ನು ಕೆಳಗಿನಿಂದ ಎಳೆದು ತಂದು ನಿಲ್ಲಿಸುತ್ತಾರೆ, ನಮ್ಮ ಗಮಕದ ಹಾಗೆ. ಬ್ರಾಡರಿಕ್ ಕ್ಲಾಸಿಕಲ್ ಗಿಟಾರ್ ಓದಿ ಬಂದವರು. ಅವರ ಕೈಯಲ್ಲಿ ಸ್ವರ ನೇರವಾಗಿ, ನೀಟಾಗಿ ಬಂದು ಕೂತಿತು. ‘ಮಾರ್ಟಿ ಅಲ್ಲ’ ಅಂತ ನನ್ನ ಮನಸ್ಸು ತೀರ್ಪು ಕೊಟ್ಟೇಬಿಟ್ಟಿತು.

ಆಮೇಲೆ ರಿಫ್, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ವಾಪಸ್ ಬಂತು. ಆಗ ನನ್ನ ಕಣ್ಣು ಸುಮ್ನೆ ಅವರ ಬಲಗೈ ಮೇಲೆ ಬಿತ್ತು. ಪಕ್ಕದಲ್ಲಿ ಬ್ಯಾಂಡ್ ಕಟ್ಟಿದ, ಹಾಡುತ್ತಲೇ ಗಿಟಾರ್ ನುಡಿಸುವ ಡೇವ್ ಮಸ್ಟೇನ್ ಬಲಗೈ. ಎರಡೂ ಒಂದೇ ಕೈ. ಒಂದು ಕೂದಲೆಳೆಯಷ್ಟೂ ಹಿಂದೆ ಮುಂದೆ ಇಲ್ಲ. ಎದೆಗೆ ಬಡಿದಿದ್ದು ಅದು. ಸೋಲೋ ಅನ್ನುವುದು ಅರ್ಧ ನಿಮಿಷದ ಮಾತು. ಉಳಿದ ಐದು ನಿಮಿಷ ಆ ಮನುಷ್ಯ ರಿದಮ್, ಅಂದರೆ ಹಾಡಿಗೆ ಆಧಾರವಾಗುವ ಲಯ, ನುಡಿಸುತ್ತಾರೆ. ಅದನ್ನು ನಾನು ಅಲ್ಲಿವರೆಗೂ ಕೇಳಿಯೇ ಇರಲಿಲ್ಲ.

ನೀವೂ ಅದನ್ನು ಕೇಳಿ. ಸೋಲೋ ಬೇರೆ ಇದ್ದರೆ ಇರಲಿ. ಹೊಸಬರು ಡ್ರಮ್ಮರ್ ಜೊತೆ ಕೂಡಿದ್ದಾರಾ, ಹಾಡುವವರಿಗೆ ಜಾಗ ಬಿಡುತ್ತಿದ್ದಾರಾ, ಅದು ಮುಖ್ಯ.

ಇನ್ನೊಂದು ಮಾತು. ಬ್ರಾಡರಿಕ್ 2014ರವರೆಗೆ ಇದ್ದರು. ಆಮೇಲೆ ಕಿಕೋ ಲೊರೇರೊ ಬಂದರು. 2023ರಲ್ಲಿ ಅವರೂ ಹೊರಟು ಟೀಮು ಮ್ಯಾಂಟಿಸಾರಿ ಬಂದರು. ಪ್ರತಿ ಸಲವೂ ಇದೇ ಜಗಳ. ನಾನು ಮಾರ್ಟಿಗೆ ಹಲುಬಿದ ಹಾಗೆ ನನ್ನ ಅಕ್ಕನ ಮಗ ಈಗ ಕಿಕೋಗೆ ಹಲುಬುತ್ತಾನೆ. ಅವನಿಗೆ ನಾನು ‘ತಪ್ಪು’ ಅನ್ನುವುದಿಲ್ಲ. ಅವನು ಬೆಳೆದಿದ್ದು ಆ ಕೈ ಕೇಳಿಕೊಂಡು, ಅಲ್ವಾ?

ಹುಬ್ಬಳ್ಳಿಯಿಂದ, ಲೈವ್ ಸೌಂಡ್ ಕೆಲಸ

ಕ್ಲಿಪ್ ನೋಡಿ ತೀರ್ಮಾನ ಮಾಡಬೇಡಿ, ದಯವಿಟ್ಟು. ಅಷ್ಟು ದೊಡ್ಡ ಸದ್ದನ್ನು ಮೊಬೈಲ್ ಮೈಕ್ ತಡೆಯುವುದಿಲ್ಲ. ತಾನಾಗಿಯೇ ಅದುಮಿಬಿಡುತ್ತೆ. ತಳದ ಸದ್ದು ಹೋಗುತ್ತೆ. ಗಿಟಾರ್ ತಗಡು ಬಡಿದ ಹಾಗೆ ಕೇಳುತ್ತೆ. ಹಳಬರು ನುಡಿಸಿದ್ದನ್ನು ಅದೇ ಮೊಬೈಲ್‌ನಲ್ಲಿ, ಅದೇ ಜಾಗದಲ್ಲಿ ನಿಂತು ಹಿಡಿದಿದ್ದರೂ ಹಾಗೇ ಇರುತ್ತಿತ್ತು.

ಫೆಸ್ಟಿವಲ್ ಸೌಂಡ್ ಬೇರೆ. ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತಲು ಸಿಗುವುದು ಬಹಳ ಸಲ ಅರ್ಧ ಗಂಟೆ. ಪೂರ್ತಿ ಸೌಂಡ್ ಚೆಕ್ ಮಾಡಲು ಟೈಮ್ ಇರುವುದಿಲ್ಲ. ಲೈನ್ ಚೆಕ್ ಅಷ್ಟೇ. ಪ್ರತಿ ಮೈಕ್, ಪ್ರತಿ ಕೇಬಲ್‌ನಲ್ಲಿ ಸದ್ದು ಬರುತ್ತಿದೆಯಾ ಅಂತ ನೋಡಿ ಶುರು ಮಾಡಿಬಿಡುತ್ತೇವೆ. ಮಿಕ್ಸ್, ಅಂದರೆ ಎಲ್ಲ ವಾದ್ಯಗಳ ಸದ್ದಿನ ಹದ, ಕೂರಿಸುವುದು ಮೊದಲ ಎರಡು ಹಾಡಿನಲ್ಲಿ. ಹೊಸ ಗಿಟಾರಿಸ್ಟ್ ಬಂದರೆ ಅವರ ಆಂಪ್, ಪೆಡಲ್, ಕೈಯ ಜೋರು ಎಲ್ಲ ಹೊಸದು. ಸದ್ದು ಹದ ಮಾಡುವ ಸೌಂಡ್ ಡೆಸ್ಕ್‌ನಲ್ಲಿ ಹಳಬರಿಗೆ ಅಂತ ಇಟ್ಟುಕೊಂಡ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಮೂರನೇ ಹಾಡಿನವರೆಗೆ ಏನೂ ಅಂದುಕೊಳ್ಳಬೇಡಿ.

ನಿಲ್ಲುವ ಜಾಗವೂ ನೋಡಿಕೊಳ್ಳಿ. ಎರಡು ಗಿಟಾರ್ ಇರುವ ಬ್ಯಾಂಡ್‌ನಲ್ಲಿ ಎಷ್ಟೋ ಸಲ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟಿರುತ್ತಾರೆ. ಒಂದು ಮೂಲೆಯಲ್ಲಿ ನಿಂತರೆ ಒಬ್ಬರೇ ಜಾಸ್ತಿ ಕೇಳಿಸುತ್ತಾರೆ. ಮೈದಾನದ ನಡುವೆ ಸೌಂಡ್ ಡೆಸ್ಕ್ ಇಟ್ಟ ಟೆಂಟ್ ಇರುತ್ತೆ. ಅದರ ಮುಂದೆ ನಿಲ್ಲಿ. ಇಂಜಿನಿಯರ್ ಕಿವಿಗೆ ಏನು ಕೇಳುತ್ತದೋ ಅದೇ ನಿಮಗೂ ಕೇಳುತ್ತದೆ.

ಯಲಹಂಕದಿಂದ

ನನ್ನ ಅನುಭವ ಸ್ವಲ್ಪ ಭಾರವಾದದ್ದು.

2012ರ ಅಕ್ಟೋಬರ್‌ನಲ್ಲಿ ಸ್ಲೇಯರ್ ಅನ್ನುವ ಮೆಟಲ್ ಬ್ಯಾಂಡ್ ಬೆಂಗಳೂರಿಗೆ ಬಂದಿತ್ತು. ಭಾರತೀಯ ಸಿಟಿಯಲ್ಲಿ ಶೋ. ಬ್ಯಾಂಡ್‌ನ ಗಿಟಾರಿಸ್ಟ್ ಜೆಫ್ ಹ್ಯಾನಮನ್ ಇರಲಿಲ್ಲ. 2011ರ ಶುರುವಿನಲ್ಲಿ ಅವರ ತೋಳಿಗೆ ಮಾಂಸವನ್ನೇ ತಿನ್ನುವಂಥ ಸೋಂಕು ತಗುಲಿತ್ತು. ಅವರ ಜಾಗದಲ್ಲಿ ಎಕ್ಸೋಡಸ್ ಬ್ಯಾಂಡ್‌ನ ಗ್ಯಾರಿ ಹೋಲ್ಟ್ ಆಸ್ಟ್ರೇಲಿಯಾದ ಸೌಂಡ್‌ವೇವ್ ಫೆಸ್ಟಿವಲ್‌ನಿಂದ ನುಡಿಸಲು ಶುರು ಮಾಡಿದ್ದರು. ಅದೇ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಇಂಡಿಯೊದಲ್ಲಿ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರ್ಯಾಕ್ಸ್ ನಾಲ್ಕೂ ಒಂದೇ ದಿನ ನುಡಿಸಿದಾಗ ಹ್ಯಾನಮನ್ ಕೊನೆಯ ಎರಡು ಹಾಡಿಗೆ ಬಂದು ನಿಂತಿದ್ದರು. ಆ ವಿಡಿಯೊ ನೋಡಿ ನಾವೆಲ್ಲ ‘ಬಂದೇ ಬರುತ್ತಾರೆ’ ಅಂದುಕೊಂಡಿದ್ದೆವು.

ಇಲ್ಲಿಗೆ ಬರಲಿಲ್ಲ. ನನ್ನ ಪಕ್ಕ ನಿಂತಿದ್ದ ಹುಡುಗ ಹಾಡು ಹಾಡಿನ ಮಧ್ಯೆ ‘ಹ್ಯಾನಮನ್, ಹ್ಯಾನಮನ್’ ಅಂತ ಕೂಗುತ್ತಿದ್ದ. ಸಿಟ್ಟಿನಿಂದಲ್ಲ. ಬೇರೆ ಯಾರದೋ ಮನೆಯ ಮುಂದೆ ನಿಂತು ಗೆಳೆಯನನ್ನು ಕರೆದ ಹಾಗೆ. ‘ರೇನಿಂಗ್ ಬ್ಲಡ್’ ಶುರುವಿನ ಆ ಮೂರು ಪೆಟ್ಟು ಬಿದ್ದಾಗ ಅವನು ಕೂಗುವುದು ನಿಲ್ಲಿಸಿದ. ಹೋಲ್ಟ್ ಆ ರಿಫ್ ಹಿಡಿದರು. ಬರೆದವರು ಹ್ಯಾನಮನ್. ನುಡಿಸಿದ್ದು ಹೋಲ್ಟ್. ಒಂದು ಸ್ವರವನ್ನೂ ತನ್ನ ಕಡೆಗೆ ಎಳೆದುಕೊಳ್ಳಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಬರೆಯಲು ನನಗೆ ಸಂಕೋಚ ಇಲ್ಲ.

2013ರ ಮೇ 2ರಂದು ಹ್ಯಾನಮನ್ ತೀರಿಕೊಂಡರು. 49 ವರ್ಷ. ಸುದ್ದಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಹುಡುಗನ ಕೂಗು.

ಹೋಲ್ಟ್ 2019ರ ನವೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸ್ಲೇಯರ್‌ನ ವಿದಾಯ ಪ್ರವಾಸದ ಕೊನೆಯ ಶೋವರೆಗೂ ಬ್ಯಾಂಡ್ ಜೊತೆ ನಿಂತರು. ಅಷ್ಟು ವರ್ಷ ಇನ್ನೊಬ್ಬರ ಜಾಗ ಕಾಯುವುದು ಸಣ್ಣ ಕೆಲಸ ಅಲ್ಲ. ನಿಮ್ಮ ಬ್ಯಾಂಡ್‌ನ ಹಳಬರು ಯಾಕೆ ಹೋದರು ಅಂತ ನನಗೆ ಗೊತ್ತಿಲ್ಲ. ಆದರೆ ಹೊಸಬರು ಅವರನ್ನು ಓಡಿಸಿ ಬಂದವರಲ್ಲ. ಅಷ್ಟು ನೆನಪಿಟ್ಟುಕೊಂಡು ಹೋಗಿ.

ನ್ಯೂಜೆರ್ಸಿಯಿಂದ

ಎಲ್ಲರೂ ಹೋಗಿ ಅಂದರು. ನಾನೂ ಹೋಗಿ ಅನ್ನುತ್ತೇನೆ. ಆದರೆ ಇಷ್ಟ ಆಗಲೇಬೇಕು ಅಂತ ಹಟ ಬೇಡ.

ರೆಡ್ ಹಾಟ್ ಚಿಲಿ ಪೆಪರ್ಸ್ ನೋಡಿ. 1992ರಲ್ಲಿ ಅವರ ಗಿಟಾರಿಸ್ಟ್ ಜಾನ್ ಫ್ರುಷಾಂಟೆ ಪ್ರವಾಸದ ಮಧ್ಯೆಯೇ ಬಿಟ್ಟು ಹೋದರು. ಆಮೇಲೆ ಡೇವ್ ನವಾರೊ ಬಂದರು. 1994ರ ವುಡ್‌ಸ್ಟಾಕ್ ಫೆಸ್ಟಿವಲ್ ಅವರ ಮೊದಲ ದೊಡ್ಡ ವೇದಿಕೆ. ನಾಲ್ಕೂ ಜನ ತಲೆಗೆ ದೊಡ್ಡ ಬಲ್ಬ್ ಹಾಕಿಕೊಂಡು ಬಂದಿದ್ದರಲ್ಲ, ಅದೇ ಶೋ. ನವಾರೊ ಒಳ್ಳೆಯ ಗಿಟಾರಿಸ್ಟ್, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ನಾಲ್ವರ ಜೋಡಿ ಕೂಡಲಿಲ್ಲ ಅಂತಲೇ ನನಗೆ ಇವತ್ತಿಗೂ ಅನ್ನಿಸುತ್ತೆ. ಒಂದೇ ಆಲ್ಬಂ ಮಾಡಿದರು. 1998ರಲ್ಲಿ ಫ್ರುಷಾಂಟೆ ವಾಪಸ್ ಬಂದರು. ಕೇಳಿ ಬಂದ ಮೇಲೂ ನಿಮಗೆ ಸರಿ ಅನ್ನಿಸದಿದ್ದರೆ ನೀವು ಬ್ಯಾಂಡ್‌ಗೆ ದ್ರೋಹ ಮಾಡಿದ ಹಾಗಲ್ಲ.

ಕುಂದಾಪುರದಿಂದ

ನನಗೆ ರಾಕ್ ಅಷ್ಟು ಗೊತ್ತಿಲ್ಲ. ಮಗಳು ಓದಿ ಹೇಳಿದಳು. ಇದು ನಮ್ಮಲ್ಲೂ ಆಗಿದೆ ಅಂತ ಬರೆಯುತ್ತಿದ್ದೇನೆ.

ನಮ್ಮ ಅಪ್ಪಯ್ಯ ಯಕ್ಷಗಾನದ ಭಾಗವತರಾದ (ಪದ್ಯ ಹಾಡುವವರು) ಕಾಳಿಂಗ ನಾವಡರ ಅಭಿಮಾನಿ. ಸಾಲಿಗ್ರಾಮ ಮೇಳದ ಆಟ ಎಲ್ಲೇ ಇರಲಿ, ಸೈಕಲ್ ಹತ್ತಿ ಹೊರಡುತ್ತಿದ್ದರು. 1990ರಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಇನ್ನೂ 32 ತುಂಬಿರಲಿಲ್ಲ. ಮುಂದಿನ ತಿರುಗಾಟಕ್ಕೆ ಬೇರೆ ಭಾಗವತರು ಕೂತರು. ಅಪ್ಪಯ್ಯ ಆಟಕ್ಕೆ ಹೋಗುವುದನ್ನೇ ಬಿಟ್ಟರು. ರಾತ್ರಿ ಕ್ಯಾಸೆಟ್ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು.

ಒಂದು ದಿನ ನಮ್ಮ ಮನೆಯ ಹತ್ತಿರದ ಗದ್ದೆಯಲ್ಲೇ ಆಟ. ಅಪ್ಪಯ್ಯ ಹೊರಡಲಿಲ್ಲ. ಚೆಂಡೆ ಬಿತ್ತು. ಕ್ಯಾಸೆಟ್ ನಿಲ್ಲಿಸಿದರು. ಸ್ವಲ್ಪ ಹೊತ್ತು ಹಾಗೇ ಕೂತರು. ಆಮೇಲೆ ಶಾಲು ಹೊದ್ದುಕೊಂಡು ಹೋದರು. ಬೆಳಿಗ್ಗೆ ಬಂದು ಅಮ್ಮನ ಹತ್ತಿರ ಹೇಳಿದ್ದು ಇಷ್ಟೇ: ‘ಚಾ ಮಾಡು. ನಾವಡರ ಪದ್ಯ ಅಲ್ಲ. ಆದರೆ ನಿದ್ದೆ ಬರಲಿಲ್ಲ.’

ಶಿವಮೊಗ್ಗದಿಂದ

ನಾನು ಆ ‘ಹೊಸ ಗಿಟಾರಿಸ್ಟ್’ ಆಗಿದ್ದೆ. ದೊಡ್ಡ ಬ್ಯಾಂಡ್ ಅಲ್ಲ, ಕಾಲೇಜ್ ಬ್ಯಾಂಡ್. ಸೀನಿಯರ್‌ಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ನನಗೆ ಒಂಬತ್ತು ಹಾಡು ಕಲಿಯಲು ಇಪ್ಪತ್ತಮೂರು ದಿನ ಇತ್ತು. ಅವರು ದಪ್ಪ ತಂತಿ ಹಾಕುತ್ತಿದ್ದರು, ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡುತ್ತಿದ್ದರು. ನಾನೂ ಹಾಗೇ ಮಾಡಿದೆ. ಬೆರಳ ತುದಿ ಸುಲಿಯಿತು. ಅವರ ರೆಕಾರ್ಡಿಂಗ್ ಅರ್ಧ ಸ್ಪೀಡ್‌ಗೆ ಇಳಿಸಿ ರಾತ್ರಿ ಎಲ್ಲ ಕೇಳುತ್ತಿದ್ದೆ.

ಫೆಸ್ಟ್ ದಿನ ಮೊದಲ ಸಾಲಿನಲ್ಲಿ ಒಬ್ಬ ಹುಡುಗ ಕೈ ಕಟ್ಟಿ ನಿಂತಿದ್ದ. ಕುಣಿಯಲಿಲ್ಲ, ಚಪ್ಪಾಳೆ ಇಲ್ಲ. ಮೂರನೇ ಹಾಡಿನ ಸೋಲೋಗೆ ಬಂದಾಗ ಅವನ ತುಟಿ ಅಲುಗುತ್ತಿತ್ತು. ಸೀನಿಯರ್ ನುಡಿಸುತ್ತಿದ್ದ ಸೋಲೋವನ್ನು ಬಾಯಲ್ಲಿ ಗುನುಗುತ್ತಿದ್ದ. ಬೆವರಿಗೆ ಪಿಕ್ (ತಂತಿ ಮೀಟುವ ಬಿಲ್ಲೆ) ಜಾರಿತು. ಕೈಯಲ್ಲಿ ಅರ್ಧ ಪಿಕ್ ಹಿಡಿದುಕೊಂಡೇ ಮುಗಿಸಿದೆ.

ಇಳಿದ ಮೇಲೆ ಅವನೇ ಹುಡುಕಿಕೊಂಡು ಬಂದ. ‘ಕೊನೆಯ ಬೆಂಡ್ ಯಾಕೆ ಬಿಟ್ಟಿರಿ?’ ಅಂದ. (ಬೆಂಡ್ ಅಂದರೆ ತಂತಿಯನ್ನು ಬೆರಳಿನಿಂದ ಎಳೆದು ಸ್ವರ ಏರಿಸುವುದು.) ‘ಇಪ್ಪತ್ತಮೂರು ದಿನ ಪ್ರಯತ್ನಪಟ್ಟೆ. ಬರಲಿಲ್ಲ’ ಅಂದೆ. ಅವನು ತಲೆ ಆಡಿಸಿದ. ಅವತ್ತು ಇಡೀ ಮೈದಾನದಲ್ಲಿ ನನ್ನ ಪ್ರತಿ ಸ್ವರ ಕೇಳಿದ್ದವನು ಅವನೊಬ್ಬನೇ. ಮುಂದಿನ ಶೋಗಳಿಗೂ ಬಂದ, ಅದೇ ಮೊದಲ ಸಾಲಿಗೆ. ಎರಡು ವರ್ಷ ಆದ ಮೇಲೆ ಆ ಬೆಂಡ್ ಬಂದಾಗ ನಾನು ಮೊದಲು ನೋಡಿದ್ದು ಅವನ ಮುಖ.

ನೀವು ಕೈ ಕಟ್ಟಿಕೊಂಡೇ ನಿಲ್ಲಿ, ಪರವಾಗಿಲ್ಲ. ಪೂರ್ತಿ ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲವನ್ನೂ ಎರಡು ಸಲ ಓದಿದೆ. ಶಿವಮೊಗ್ಗದವರದನ್ನು ಗೆಳೆಯನಿಗೂ ಓದಿಸಿದೆ. ಇಬ್ಬರೂ ಹೋಗುತ್ತಿದ್ದೇವೆ, ಬಸ್ ಬುಕ್ ಆಯಿತು. ಹುಬ್ಬಳ್ಳಿಯವರಿಗೆ ಒಂದು ಪ್ರಶ್ನೆ: ಡೆಸ್ಕ್ ಮುಂದೆ ಜಾಗ ಸಿಗಬೇಕೆಂದರೆ ಎಷ್ಟು ಹೊತ್ತಿಗೆ ಬರಬೇಕು?

ಹುಬ್ಬಳ್ಳಿಯಿಂದ

ಹಿಂದಿನ ಬ್ಯಾಂಡ್‌ನ ಕೊನೆಯ ಎರಡು ಹಾಡು ಇರುವಾಗಲೇ ಬಂದು ನಿಲ್ಲಿ. ಅವರು ಇಳಿದ ತಕ್ಷಣ ಜನ ನೀರಿಗೆ, ಊಟಕ್ಕೆ ಅಂತ ಚದುರುತ್ತಾರೆ. ಆಗ ಎರಡು ಹೆಜ್ಜೆ ಮುಂದೆ ಸರಿಯಿರಿ. ಬ್ಯಾಗಿನಲ್ಲಿ ಇಯರ್‌ಪ್ಲಗ್ ಇರಲಿ, ಹತ್ತಿ ಅಲ್ಲ. ಹತ್ತಿ ಇಟ್ಟರೆ ಗಿಟಾರ್ ಮಸುಕಾಗಿ ಕೇಳುತ್ತೆ, ಕಿವಿಗೆ ಕಾವಲೂ ಆಗುವುದಿಲ್ಲ.